ವಾಕ್ಯ ಕಟ್ಟುವ ಪೀರಿಯಡ್ಡು

ಒಂಬತ್ತು ದಿನಗಳಿಂದ ಬದರಿನಾಥನ ಕಿವಿಗೆ ಯಾರ ಮಾತೂ ಇಡಿಯಾಗಿ ಬೀಳುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಶಾಲೆಗೆ ಹೊರಡಲು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಕಾತ್ಯಾಯಿನಿ ಅಡುಗೆಮನೆಯಿಂದಲೇ, "ಮೇಸ್ತ್ರಿ ಬೈರಣ್ಣ ಇವತ್ತು ಮಧ್ಯಾಹ್ನ ಬಾಗಿಲ ಚೌಕಟ್ಟು ನಿಲ್ಲಿಸ್ತಾನಂತೆ. ಸ್ಕೂಲು ಬಿಟ್ಟ ಕೂಡ್ಲೆ ಅಲ್ಲಿಗೇ ಬಂದ್ಬಿಡಿ, ಅರಿಶಿನ ಕುಂಕುಮ ಹೂವು ಎಲ್ಲಾ ನಾನು ತರ್ತೀನಿ" ಎಂದಳು. ಅವನಿಗೆ ಕೇಳಿಸಿದ್ದು ತುಂಡುಗಳು. ಮೇಸ್ತ್ರಿ ಬೈರಣ್ಣ, ಒಂದು. ಇವತ್ತು ಮಧ್ಯಾಹ್ನ, ಎರಡು. ಬಾಗಿಲ ಚೌಕಟ್ಟು, ಮೂರು. ಹದಿನೆಂಟು ವರ್ಷ ಹೈಸ್ಕೂಲಿನ ಮಕ್ಕಳಿಗೆ ವಾಕ್ಯ ಬಿಡಿಸಿ ತೋರಿಸಿದವನಿಗೆ ಕೊನೆಗೆ ಹೆಂಡತಿಯ ಮಾತೂ ಗೀಟು ಹಾಕಿ ವಿಂಗಡಿಸಿದಂತೆ ಕಾಣತೊಡಗಿದರೆ ಅದಕ್ಕೆ ಯಾವ ಡಾಕ್ಟರ ಹತ್ತಿರ ಹೋಗುವುದು. ಅಲ್ಲಿಗೇ ಎಂಬ ಪದ ಮಾತ್ರ ತುಂಡಾಗದೆ ಕಿವಿಯಲ್ಲೇ ಸಿಕ್ಕಿಕೊಂಡಿತು. ಜಯನಗರದಲ್ಲಿ ಸೈಟು ಸಿಕ್ಕಿದ ದಿನದಿಂದ ಈ ತ್ಯಾಗರಾಜನಗರದ ಬಾಡಿಗೆ ಮನೆಯಲ್ಲಿ ಯಾರೂ ಸೈಟು ಎನ್ನುತ್ತಿರಲಿಲ್ಲ. ಅಲ್ಲಿ ಇಟ್ಟಿಗೆ ಇಳಿಸಿದರು, ಅಲ್ಲಿ ನೀರು ಹೊಡೆಯಬೇಕು, ಅಲ್ಲಿಗೆ ಹೋದ ಮೇಲೆ ತುಳಸಿ ಕಟ್ಟೆ. ಎಷ್ಟು ಅನುಕೂಲದ ಪದ. ಅದನ್ನೂ ಅವನೇ ಮಕ್ಕಳಿಗೆ ಹೇಳಿಕೊಟ್ಟಿದ್ದ: ನಾಲ್ಕು ಪದಗಳ ದೊಡ್ಡ ಗುಂಪೊಂದನ್ನು ಎಬ್ಬಿಸಿ ಕಳಿಸಿ ಅದರ ಜಾಗದಲ್ಲಿ ಅಲ್ಲಿ ಎಂಬ ಒಂದೇ ಪದವನ್ನು ಕೂರಿಸಿ ನೋಡಿ, ವಾಕ್ಯ ಕುಂಟುವುದಿಲ್ಲ.

ಅವನು ಸೈಕಲ್ಲು ಹತ್ತಿದ. ಡಿಸೆಂಬರಿನ ಚಳಿಗೆ ಬೀದಿಯ ತುಂಬ ಅವರೆಕಾಯಿಯ ಸೊಗಡು ಹರಡಿತ್ತು. ತನ್ನದು ಒಳ್ಳೆಯ ಪಾಠ ಎಂಬ ವಿಷಯದಲ್ಲಿ ಬದರಿನಾಥನಿಗೆ ಎಂದೂ ಅನುಮಾನ ಇರಲಿಲ್ಲ. ಬೇರೆ ಪಂಡಿತರು ಕರ್ತೃ ಕರ್ಮ ಕ್ರಿಯಾಪದ ಎಂದು ಬಾಯಿಪಾಠ ಮಾಡಿಸಿ ಕೈತೊಳೆದುಕೊಂಡರೆ ಅವನು ಗುರುವಾರದ ಕೊನೆಯ ಪೀರಿಯಡ್ಡನ್ನು ವಾಕ್ಯ ಕಟ್ಟುವುದಕ್ಕೆಂದೇ ಇಟ್ಟಿದ್ದ. ಒಂದೊಂದು ಬೆಂಚಿಗೆ ಒಂದೊಂದು ಗುಂಪು. ಪದಗಳು ರೇಷನ್ ಅಂಗಡಿಯ ಮುಂದಿನ ಜನರ ಹಾಗೆ ಒಬ್ಬರ ಹಿಂದೆ ಒಬ್ಬರು ನಿಲ್ಲುವುದಿಲ್ಲ, ಮೊದಲು ಎರಡು ಮೂರು ಸೇರಿ ಒಂದು ಸಂಸಾರವಾಗುತ್ತವೆ, ಆಮೇಲೆ ಸಂಸಾರ ಸಂಸಾರ ಸೇರಿ ವಾಕ್ಯ ಎನ್ನುತ್ತಿದ್ದ. 'ಹೊಸ' ಎನ್ನುವುದು 'ಮನೆ'ಯನ್ನು ಬಿಟ್ಟು ಇರಲಾರದು, ಆದರೆ 'ಹೊಸ ಮನೆಯನ್ನು' ಎಂಬ ಇಡೀ ಗುಂಪನ್ನು ಎತ್ತಿ ಹಿಂದಿಡಿ, ಮುಂದಿಡಿ, ಅರ್ಥ ಕೆಡದು. ಒಂದು ಗುಂಪು ಗುಂಪು ಹೌದೋ ಅಲ್ಲವೋ ನೋಡಬೇಕೆ, ಪ್ರಶ್ನೆ ಕೇಳಿ. ಯಾರು, ಏನನ್ನು, ಎಲ್ಲಿ. ಉತ್ತರವಾಗಿ ಯಾವುದು ಇಡಿಯಾಗಿ ಎದ್ದು ಬರುತ್ತದೋ ಅದು ಗುಂಪು. ಮಕ್ಕಳಿಗೆ ಇದು ಆಟ. ಇಂಗ್ಲಿಷು, ಗಣಿತದ ಮೇಷ್ಟ್ರುಗಳ ಪಾಠ ಕೇಳುತ್ತ ಆಕಳಿಸುವ ಮಕ್ಕಳು ಈ ಪೀರಿಯಡ್ಡಿನಲ್ಲಿ ಬೆಂಚಿನ ತುದಿಗೆ ಬಂದು ಕೂರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಗಣಿತದ ಗೌರೀಶಂಕರ ಅವನನ್ನು 'ಏನ್ ಪಂಡಿತ್ರೇ' ಎಂದು ಕರೆಯುವ ಧಾಟಿಯಲ್ಲಿ ಸಣ್ಣದೊಂದು ತಾತ್ಸಾರ ಯಾವಾಗಲೂ ಇರುತ್ತಿತ್ತು. ಸೈಟು ಸಿಕ್ಕಿದ ಮೇಲೆ ಅದೇ ಗೌರೀಶಂಕರ 'ಬದರಿನಾಥ್, ಕಿಟಕಿಗೆ ತೇಗ ಹಾಕಿಸ್ತೀರೋ ಹೊನ್ನೆ ಹಾಕಿಸ್ತೀರೋ' ಎಂದು ಕೇಳಿದ. ಆ ಪ್ರಶ್ನೆಯನ್ನು ಅವನು ವಾರಗಟ್ಟಲೆ ಚಪ್ಪರಿಸಿದ್ದ. ಮನುಷ್ಯ ಇಷ್ಟು ಅಗ್ಗವಾಗಿ ಸಿಗುತ್ತಾನೆ ಎಂದು ತನ್ನ ಬಗ್ಗೆ ತನಗೇ ಈಗ ಹೇಸಿಗೆಯಾಯಿತು.

ಸೌತ್ ಎಂಡ್ ದಾಟುವಾಗ ಬಸ್ಸೊಂದು ಹಾರನ್ ಹೊಡೆದು ಅವನನ್ನು ಪಕ್ಕಕ್ಕೆ ಸರಿಸಿತು. ಕಾಲು ಊರಿ ನಿಂತ. ಒಂಬತ್ತು ದಿನದ ಹಿಂದೆ, ಆ ಗುರುವಾರದ ಪೀರಿಯಡ್ಡಿನಲ್ಲಿ, ಮೊದಲ ಬೆಂಚಿನ ಚೂಡಾಮಣಿ ಎದ್ದು ನಿಂತು ನಗು ತಡೆಯುತ್ತ, "ನಮ್ಮ ಕನ್ನಡ ಮೇಷ್ಟ್ರು" ಎಂದು ಕರ್ತೃವನ್ನು ಕೊಟ್ಟಿದ್ದಳು. ಎರಡನೆಯ ಬೆಂಚು, "ಒಂದು ಹೊಸ ಮನೆಯನ್ನು". ಹಿಂದಿನ ಬೆಂಚಿನವರು ಒಟ್ಟಿಗೆ, "ಕಟ್ಟಿಸುತ್ತಿದ್ದಾರೆ". ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಅವನಿಗೆ ಒಳಗೊಳಗೇ ಸಂತೋಷವಾಗಿ, ಸುದ್ದಿ ಇಲ್ಲಿಯವರೆಗೂ ಬಂದಿದೆಯಲ್ಲ ಎನ್ನಿಸಿ, ಮುಖ ಗಂಭೀರ ಮಾಡಿಕೊಂಡು, "ವಾಕ್ಯ ಚಿಕ್ಕದಾಯ್ತು, ಬೆಳೆಸಿ ನೋಡೋಣ. ಎಲ್ಲಿ ಕಟ್ಟಿಸ್ತಿದ್ದಾರೆ?" ಎಂದ. ಜಯನಗರದಲ್ಲಿ ಎಂದರು ಯಾರೋ. "ಒಂದೇ ಪದ ಆಯ್ತಲ್ಲ, ಗುಂಪು ಕೊಡಿ." ಆಗ ಹುಡುಗಿಯರ ಮೂರನೆಯ ಬೆಂಚಿನಿಂದ ಮುನಿಲಕ್ಷ್ಮಮ್ಮ ಎದ್ದಳು. ಕ್ಲಾಸಿನಲ್ಲಿ ಬಾಯಿ ಬಿಡುವ ಹುಡುಗಿಯೇ ಅಲ್ಲ. ಬೈರಸಂದ್ರದ ಕಡೆಯ ಹಳ್ಳಿಯಿಂದ ದಿನಾ ನಡೆದು ಬರುವವಳು, ಆ ಹಳ್ಳಿಯಿಂದ ಎಸ್.ಎಸ್.ಎಲ್.ಸಿ.ಯವರೆಗೆ ಬಂದ ಮೊದಲನೆಯ ಹೆಣ್ಣುಮಗಳು. ಒಂದೊಂದೇ ಪದವನ್ನು ಬೆರಳಿನಲ್ಲಿ ಎಣಿಸುತ್ತ, ಅವನೇ ಕಲಿಸಿದ ಪುಸ್ತಕದ ಕನ್ನಡದಲ್ಲಿ ಹೇಳಿದಳು: "ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ."

ಬರೆಯುವ ಕೈ ಅಭ್ಯಾಸಬಲದಿಂದ ಕರಿಹಲಗೆಯ ಮೇಲೆ ಅರ್ಧ ಬರೆದೇಬಿಟ್ಟಿತ್ತು. ನಮ್ಮ ಕನ್ನಡ ಮೇಷ್ಟ್ರು ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಒಂದು ಹೊಸ ಮನೆಯನ್ನು ಕಟ್ಟಿಸುತ್ತಿದ್ದಾರೆ. ಎಲ್ಲಿ ಎಂದು ಕೇಳಿದರೆ ಇಡಿಯಾಗಿ ಎದ್ದು ಬರುವ ಗುಂಪು. ಹದಿನೆಂಟು ವರ್ಷದಲ್ಲಿ ಯಾವ ಮಗುವೂ ಅಷ್ಟು ಹದವಾದ ಗುಂಪನ್ನು ಅವನ ಕೈಗೆ ಕೊಟ್ಟಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬ ಕಿಸಕ್ಕೆಂದ. ಆ ನಗು ಯಾರ ಮೇಲೆ ಎಂದು ಯೋಚಿಸುವಷ್ಟು ಹೊತ್ತೂ ಬದರಿನಾಥನಿಗೆ ಸಿಗಲಿಲ್ಲ, ಕಿವಿಯ ತುದಿ ಕಾದಿತ್ತು. "ತಪ್ಪು" ಎಂದ. ಡಸ್ಟರ್ ತೆಗೆದು ಒರೆಸಿದ. "ಯಾವ್ದು ತಪ್ಪು ಸಾ?" ಎಂದಳು ಹುಡುಗಿ. ಎದುರಾಡಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ್ದು. ಅದು ಅವನಿಗೆ ಆಗಲೂ ಗೊತ್ತಿತ್ತು. "ಅನ್ವಯ ಆಗಲ್ಲ. ಮೊದ್ಲು ಮನೇಲಿ ನೆಟ್ಟಗೆ ಮಾತಾಡೋದು ಕಲ್ತುಕೋ, ಆಮೇಲೆ ವಾಕ್ಯ ಕಟ್ಟೋಕೆ ಬರುವಿಯಂತೆ. ಕೂತ್ಕೋ." ಈಗ ಇಡೀ ಕ್ಲಾಸು ನಕ್ಕಿತು, ಈ ಸಲ ಯಾರ ಮೇಲೆ ಎಂಬುದು ಎಲ್ಲರಿಗೂ ಸ್ಪಷ್ಟವಾಗಿತ್ತು. ಹುಡುಗಿ ಕೂತಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಅದು ಅವಳ ಅಪ್ಪ ಚಿಕ್ಕಬೈರಪ್ಪನ ಹೊಲ ಎಂಬುದನ್ನು ಪಾಯ ಅಗೆದ ದಿನವೇ ಬೈರಣ್ಣ ಹೇಳಿದ್ದ. "ಆ ವಯ್ಯ ಈ ಕಡೆ ತಲೇನೇ ಹಾಕಲ್ಲ ಸಾರ್. ಪೇಟೆಗೆ ಹೋಗ್ಬೇಕಾದ್ರೂ ಆ ಸುತ್ತಿನ ದಾರೀಲಿ ಹೋಯ್ತಾನೆ." ಆಗ ಬದರಿನಾಥ ಅಯ್ಯೋ ಪಾಪ ಎಂದು ಎರಡು ನಿಮಿಷ ಮರುಗಿ ಸುಣ್ಣದ ಲೆಕ್ಕಕ್ಕೆ ತಿರುಗಿದ್ದ. ಬಡಾವಣೆ ಮಾಡುವ ಬೋರ್ಡಿನವರು ಹೊಲ ತೆಗೆದುಕೊಂಡರು, ಬೋರ್ಡಿನವರು ಸೈಟು ಕೊಟ್ಟರು. ನಡುವೆ ತನ್ನದೇನು. ಅಲ್ಲಿ, ಎಂದುಕೊಂಡರೆ ಮುಗಿಯಿತು.

ಶಾಲೆಯಲ್ಲಿ ಹೆಡ್ಮೇಷ್ಟ್ರು ಅನಂತರಾಮು ಅವನನ್ನು ಕರೆಸಿ ಮೇಜಿನ ಮೇಲಿದ್ದ ಒಂದು ಕಾಗದವನ್ನು ಮುಂದೆ ತಳ್ಳಿದರು. ಮುನಿಲಕ್ಷ್ಮಮ್ಮನ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿ. ಎಲ್ಲವನ್ನೂ ತುಂಬಿಯಾಗಿತ್ತು, ಸಹಿಯ ಜಾಗ ಮಾತ್ರ ಖಾಲಿ.

"ಏನ್ರೀ, ಈ ಹುಡುಗಿ ಎಲ್ಲಿ? ನೀವೇ ಕ್ಲಾಸ್ ಟೀಚರು. ಸೋಮವಾರ ಬೆಳಿಗ್ಗೆ ಪಟ್ಟಿ ಹೋಗುತ್ತೆ. ಅಷ್ಟರೊಳಗೆ ಸಹಿ ಇಲ್ದಿದ್ರೆ ಹೆಸರು ಹೊಡೆದು ಹಾಕ್ತೀನಿ."

"ಹುಷಾರಿಲ್ವೇನೋ ಸಾರ್."

"ಹುಷಾರಿಲ್ದೆ ಏನು. ಮದುವೆ ಗಿದುವೆ ಗೊತ್ತು ಮಾಡಿರ್ತಾರೆ. ಇವರ ಕತೆ ಇಷ್ಟೇ" ಎಂದರು ಅನಂತರಾಮು, ಬೇಸರವೂ ಇಲ್ಲದೆ ಕುಹಕವೂ ಇಲ್ಲದೆ. ಹಾಗೆ ಹೆಸರು ಹೊಡೆದು ಅಭ್ಯಾಸವಾದ ಮನುಷ್ಯ.

ಇವರ ಕತೆ ಇಷ್ಟೇ ಎಂದು ಒಪ್ಪಿಕೊಂಡಿದ್ದರೆ ಸುಲಭವಿತ್ತು. ಬದರಿನಾಥನ ನಾಲಗೆಯ ಮೇಲೆ ಹೌದು ಸಾರ್ ಎಂಬುದು ಬಂದೂ ಬಂದಿತ್ತು. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಹನ್ನೊಂದೂವರೆಗೆ ಗಂಟೆ ಹೊಡೆದಾಗ ಸೈಕಲ್ಲಿನ ಹ್ಯಾಂಡಲು ತಾನಾಗಿ ಅಲ್ಲಿಗೆ ಎಂಬ ಕಡೆ ತಿರುಗಲು ನೋಡಿತು, ಕಾತ್ಯಾಯಿನಿ ಹೂವಿನ ಬುಟ್ಟಿ ಹಿಡಿದು ಕಾಯುತ್ತಿರುತ್ತಾಳೆ, ಬಾಗಿಲು ನಿಲ್ಲಿಸುವಾಗ ಯಜಮಾನ ಇಲ್ಲದಿದ್ದರೆ ಬೈರಣ್ಣನೂ ಏನೆಂದುಕೊಂಡಾನು. ಆಮೇಲೆ ಹೋದರಾಯಿತು ಎಂದು ಒಂದು ಮನಸ್ಸು. ಆಮೇಲೆ ಹೋಗುವುದಿಲ್ಲ ಎಂದು ಇನ್ನೊಂದಕ್ಕೆ ಚೆನ್ನಾಗಿ ಗೊತ್ತಿತ್ತು. ಅವನು ಸುತ್ತಿನ ದಾರಿ ಹಿಡಿದ. ನಂಬರು ಬರೆದ ಸೈಟುಕಲ್ಲುಗಳು ಸಾಲಾಗಿ ಮುಗಿದು, ಜಲ್ಲಿ ಹಾಕಿ ಟಾರು ಕಾಣದ ರಸ್ತೆ ಮುಗಿದು, ಗಾಡಿಜಾಡು ಶುರುವಾಯಿತು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿದ. ತಮ್ಮ ಮಗಳ ಭವಿಷ್ಯದ ದೃಷ್ಟಿಯಿಂದ. ಛೆ. ಅವತ್ತು ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದ ಕಾರಣವಾಗಿ. ಸಣ್ಣ ಎಂಬ ವಿಶೇಷಣವನ್ನು ಯಾರನ್ನು ಕೇಳಿ ಹಾಕಿದ? ತೆಗೆದ. ತೆಗೆದ ಮೇಲೆ ಗುಂಪು ಬೋಳಾಗಿ ಕಂಡಿತು, ಮತ್ತೆ ಹಾಕಿದ. ಎಲ್ಲ ಗುಂಪುಗಳೂ ಒಂದಕ್ಕಿಂತ ಒಂದು ಚೆನ್ನಾಗಿದ್ದವು, ಕೊನೆಗೆ ಬರಬೇಕಾದ ಕ್ರಿಯಾಪದ ಮಾತ್ರ ಬರುತ್ತಿರಲಿಲ್ಲ. ಕನ್ನಡದ ಸೌಕರ್ಯವೇ ಅದು, ಏನು ಮಾಡಿದೆ ಎಂಬುದನ್ನು ಕೊನೆಯವರೆಗೂ ಮುಂದೂಡಬಹುದು.

ಹೆಂಚಿನ ಮನೆಯ ಜಗಲಿಯಲ್ಲಿ ಹುಡುಗಿಯ ತಾಯಿ ಸೊಣ್ಣಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕನ್ನಡ ಮೇಷ್ಟ್ರು ಎಂದ ಕೂಡಲೇ ಸೆರಗು ಎಳೆದುಕೊಂಡು ಎದ್ದು, "ಇಕಾ, ಮುನಿಲಕ್ಷ್ಮಮ್ಮನ ಮೇಷ್ಟ್ರು ಬಂದವ್ರೆ" ಎಂದು ಒಳಗೆ ಕೂಗಿದಳು. ಚಿಕ್ಕಬೈರಪ್ಪ ಹೆಗಲ ಮೇಲಿನ ಟವೆಲಿನಿಂದ ಜಗಲಿ ಒರೆಸುತ್ತ ಬಂದ. ಐವತ್ತರ ಆಸುಪಾಸಿನವನು, ಕೆಲಸ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಅವುಗಳನ್ನು ಮತ್ತೆ ಮತ್ತೆ ಟವೆಲಿಗೆ ಒರೆಸಿಕೊಳ್ಳುತ್ತಿದ್ದ.

"ಕುಂತ್ಕಳಿ ಸಾಮಿ. ನಮ್ಮನೇಲಿ ನೀವು ಕಾಪಿ ಗೀಪಿ ಕುಡಿಯಾಕಿಲ್ಲ, ಎಳನೀರು ಕೆಡುವ್ಲಾ?"

ಬೇಡ ಎಂದ. ಎಂದ ಮೇಲೆ, ಕಾಫಿಯನ್ನೇ ಕೊಡಿ ಎನ್ನಬಹುದಿತ್ತು ಎನ್ನಿಸಿತು. ಈಗ ಹೇಳಿದರೆ ನಾಟಕವಾಗುತ್ತದೆ. ಅರ್ಜಿಯನ್ನು ತೆಗೆದು ಮೊಣಕಾಲ ಮೇಲೆ ಬಿಡಿಸಿ, ಸೋಮವಾರದ ಪಟ್ಟಿಯ ವಿಷಯ ಹೇಳಿದ. ಚಿಕ್ಕಬೈರಪ್ಪ ತಲೆಯಾಡಿಸುತ್ತ ಕೇಳಿದ.

"ನೀವು ಇಷ್ಟು ದೂರ ಬಂದಿದ್ದು ದೊಡ್ಡದು ಸಾಮಿ. ಆದ್ರೆ ಅವ್ಳ್ಗೆ ತಲೆಗೆ ಅತ್ತಾಕಿಲ್ವಂತೆ. ಮೇಷ್ಟ್ರು ಎಲ್ರ ಮುಂದೆ ತಪ್ಪು ಅಂದ್ರು ಅಂತ ಅವತ್ತು ಬಂದೋಳು ಪುಸ್ತಕ ಎಲ್ಲಾ ಕಟ್ಟಿ ಅಟ್ಟಕ್ಕೆ ಹಾಕುದ್ಲು. ಓದ್ದೋರು ನೀವು ತಪ್ಪು ಅಂದ್ಮ್ಯಾಕೆ ತಪ್ಪೇ ಇರ್ಬೇಕು. ಬರದೇ ಇರೋ ವಿದ್ಯೆ ಇಟ್ಕಂಡು ಯಾಕೆ ಒದ್ದಾಡ್ಬೇಕು ಅಂತ ನಾನೂ ಸುಮ್ಕಾದೆ. ಬಿಡದೀಲಿ ನಮ್ಮಕ್ಕನ ಮಗ ಅವ್ನೆ. ಮಾಘದಾಗೆ ಮಾಡಿ ಕಳುಸ್ತೀವಿ."

ಅವನ ದನಿಯಲ್ಲಿ ಆಕ್ಷೇಪಣೆ ಇದ್ದಿದ್ದರೆ ಬದರಿನಾಥ ಬದುಕಿಕೊಳ್ಳುತ್ತಿದ್ದ. ಇದ್ದದ್ದು ಬರೀ ನಂಬಿಕೆ. ಒಂಬತ್ತು ದಿನ ಅವನು ಹುಡುಗಿಯ ಅಳುವನ್ನು, ಸಿಟ್ಟನ್ನು, ಊರವರ ಬೈಗುಳವನ್ನು ಕಲ್ಪಿಸಿಕೊಂಡಿದ್ದ. ತನ್ನ ಸುಳ್ಳು ಈ ಮನೆಯಲ್ಲಿ ತೀರ್ಪಾಗಿ ಕೂತು ಮದುವೆಯ ತಿಂಗಳನ್ನೂ ಗೊತ್ತುಮಾಡಿರುತ್ತದೆ ಎಂದು ಹೊಳೆದೇ ಇರಲಿಲ್ಲ. ಎಷ್ಟು ದೊಡ್ಡ ಕುರ್ಚಿಯ ಮೇಲೆ ಕೂರಿಸಿದ್ದಾರೆ ತನ್ನನ್ನು, ಅದರ ಮೇಲೆ ಕೂತು ಎಂಥ ಅಲ್ಪನಂತೆ ನಡೆದುಕೊಂಡೆ ಎನ್ನಿಸಿತು.

"ಅವತ್ತು... ಕ್ಲಾಸಿನಲ್ಲಿ... ಮಕ್ಕಳೆಲ್ಲಾ ಸೇರಿ... ಒಂದು ವಾಕ್ಯ..." ಎಂದ. ಸೊಣ್ಣಮ್ಮ ಸುಲಿಯುವುದನ್ನು ನಿಲ್ಲಿಸಿದಳು. ಗುಂಪುಗಳು ಒಂದೊಂದಾಗಿ ಹೊರಗೆ ಬಂದು ಏನೂ ಆಗದೆ ನಿಂತುಕೊಂಡವು. ಗಂಡಹೆಂಡಿರು ತಾಳ್ಮೆಯಿಂದ ಅವನ ಬಾಯಿಯನ್ನೇ ನೋಡುತ್ತಿದ್ದರು. "ಅವಳು ಹೇಳಿದ್ದು ಸರಿಯಾಗಿತ್ತು. ನಾನು ಸುಳ್ಳು ಹೇಳಿದೆ."

"ನೀವ್ಯಾಕೆ ಸಾಮಿ ಸುಳ್ಳು ಹೇಳ್ತೀರ?" ಚಿಕ್ಕಬೈರಪ್ಪ ಮುಗುಳ್ನಕ್ಕ, ದೊಡ್ಡವರು ತಮಾಷೆ ಮಾಡುತ್ತಿದ್ದಾರೆ ಎಂಬಂತೆ.

"ನನ್ನ ಮನೆ ಏಳ್ತಿರೋದು ನಿಮ್ಮ ಹೊಲದಲ್ಲಿ. ಅವಳು ಅದನ್ನೇ ಹೇಳಿದ್ಲು. ಎಲ್ಲರ ಮುಂದೆ ಹೇಳಿದ್ಲು ಅಂತ ನನಗೆ ಅವಮಾನ ಆಯ್ತು. ಅದಕ್ಕೆ ತಪ್ಪು ಅಂದ್ಬಿಟ್ಟೆ."

ಮುಗುಳ್ನಗೆ ಸ್ವಲ್ಪ ಹೊತ್ತು ಮರೆತುಹೋದಂತೆ ಅವನ ಮುಖದ ಮೇಲೆ ಉಳಿದಿತ್ತು. ಆಮೇಲೆ ಹೋಯಿತು. ಬೈದುಬಿಡಲಿ, ಎದ್ದು ಹೋಗಯ್ಯ ಎನ್ನಲಿ ಎಂದು ಬದರಿನಾಥ ಕಾದ.

"ಯಾವ ಕಡೆ?" ಎಂದ ಚಿಕ್ಕಬೈರಪ್ಪ. "ಬಾವಿ ಕಡೇನಾ, ಹುಣಸೆಮರದ ಕಡೇನಾ?"

"ಮರ ಈಗಿಲ್ಲ. ಅದು ಇದ್ದ ಜಾಗದಿಂದ ಪಡುವಲಿಗೆ."

"ಓ, ಪಡುವಲಿಗೆ." ಅವನು ಕಣ್ಣು ಕಿರಿದು ಮಾಡಿ ಅಂಗಳದಾಚೆ ನೋಡಿದ, ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. "ಅಲ್ಲಿ ಮಣ್ಣು ಸಡ್ಲ. ಮಳೆಗಾಲ್ದಾಗೆ ನೇಗ್ಲು ಹೂತೋಗದು. ಪಾಯ ಎಷ್ಟು ಇಳ್ಸಿದೀರ?"

"ಮೂರಡಿ."

"ಸಾಲ್ದು."

"ಗೋಡೆ ಎದ್ದುಬಿಟ್ಟಿದೆ."

"ಅಂಗಾರೆ ಸುತ್ತ ಕಾಲ್ವೆ ತೆಗ್ಸಿ, ನೀರು ನಿಲ್ಬಾರ್ದು. ಮೂಡ್ಲಿಂದ ಇಳ್ಕಂಡು ಬತ್ತದೆ ನೀರು. ನಾನು ಬದ ಹಾಕಿದ್ದೆ ಅಲ್ಲಿ, ಈಗ ಅದ್ನೂ ಕಿತ್ತಾಕಿರ್ತಾರೆ." ಇನ್ನೂ ತನ್ನದೇ ಹೊಲದ ಬಗ್ಗೆ ಮಾತಾಡುವವನ ಮುತುವರ್ಜಿಯಿಂದ ಹೇಳುತ್ತ ಹೋಗಿ, ನಡುವೆ ತಟಕ್ಕನೆ ನಿಲ್ಲಿಸಿ, ಟವೆಲಿನಿಂದ ಮುಖ ಒರೆಸಿಕೊಂಡು, ಎದ್ದು ಗೋಡೆಗೆ ಒರಗಿ ನಿಂತ. ಬದರಿನಾಥ ಕಣ್ಣೆತ್ತಲಿಲ್ಲ. ತಾನು ಇಷ್ಟು ದಿನ 'ಅಲ್ಲಿ' ಎಂದದ್ದು ಒಂದು ಜಾಗವನ್ನು, ಈ ಮನುಷ್ಯ ಅಲ್ಲಿ ಎಂದದ್ದು ಬೇರೆಯೇ ಇನ್ನೊಂದನ್ನು.

ಮುನಿಲಕ್ಷ್ಮಮ್ಮ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದಳು. ಯೂನಿಫಾರ್ಮ್ ಇಲ್ಲದೆ, ತಾಯಿಯ ಹಳೆಯ ಸೀರೆಯಲ್ಲಿ, ಅವನ ಕ್ಲಾಸಿನ ಹುಡುಗಿ ಎಂದು ಗುರುತು ಹತ್ತುವುದಕ್ಕೇ ಒಂದು ಕ್ಷಣ ಬೇಕಾಯಿತು.

"ಸರಿ ಅಂತ ನಂಗೆ ಅವತ್ತೇ ಗೊತ್ತಿತ್ತು ಸಾ" ಎಂದಳು.

"ಮತ್ಯಾಕಮ್ಮ ಬರಲಿಲ್ಲ?"

"ನಿಮ್ಗೂ ಗೊತ್ತಿತ್ತಲ್ಲ ಸಾ. ಗೊತ್ತಿದ್ದೂ ತಪ್ಪು ಅಂದ್ರಿ. ಇನ್ಮೇಲೆ ನೀವು ಸರಿ ಅಂದ್ರೂ ನಾನು ಎಂಗೆ ನಂಬ್ಲಿ?"

"ಏಯ್" ಎಂದಳು ಸೊಣ್ಣಮ್ಮ. ಚಿಕ್ಕಬೈರಪ್ಪ ಕೈಯೆತ್ತಿ ಹೆಂಡತಿಯನ್ನು ಸುಮ್ಮನಿರಿಸಿದ. ಮಗಳನ್ನು ಅಲ್ಲಿಯತನಕ ಸರಿಯಾಗಿ ನೋಡಿರದವನ ಹಾಗೆ ನೋಡಿದ. "ಅಂಗಾರೆ ನಿಂಗೆ ಬತ್ತದಾ ವಿದ್ಯೆ?"

"ಬತ್ತದೆ ಅಪ್ಪ."

"ಪರೀಕ್ಸೆ ಬರೀತೀಯಾ?"

"ಬರೀತೀನಿ."

"ಬಿಡದಿಯೋರಿಗೆ ಹೇಳಾನ ಬಿಡು. ಮಾಘ ಇಲ್ದಿದ್ರೆ ವೈಶಾಖ ಬತ್ತದೆ. ಅದೂ ಇಲ್ದಿದ್ರೆ ಇಲ್ಲ." ಮೇಷ್ಟ್ರ ಕಡೆ ತಿರುಗಲಿಲ್ಲ. "ಸೈನಾಕು."

ಬದರಿನಾಥ ಪೆನ್ನಿನ ಕ್ಯಾಪು ತೆಗೆದು ಕೊಟ್ಟ. ಅವಳು ಜಗಲಿಯ ಮೇಲೆ ಅರ್ಜಿಯಿಟ್ಟು, ಗಾಳಿಗೆ ಹಾರದಂತೆ ಎಡಗೈಯಲ್ಲಿ ಒತ್ತಿ ಹಿಡಿದು, ಸಾವಕಾಶವಾಗಿ ಸಹಿ ಮಾಡಿದಳು. ಪೆನ್ನನ್ನು ಹಿಂದಕ್ಕೆ ಕೊಡುವಾಗ ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು. "ಪರೀಕ್ಷೆಗೆ ಮನೇಲೇ ಓದ್ಕೊಳ್ತೀನಿ ಸಾ. ಕ್ಲಾಸಿಗೆ ಬರಲ್ಲ."

"ಹಾಜರಿ ಕಮ್ಮಿಯಾದ್ರೆ ಕೂರಿಸಲ್ಲಮ್ಮ."

"ಹಾಜರಿ ಹಾಕೋರು ನೀವೇ ಅಲ್ವಾ ಸಾ."

ಅವನು ಜಯನಗರಕ್ಕೆ ಬಂದಾಗ ಮೂರು ಗಂಟೆ ದಾಟಿತ್ತು. ಚೌಕಟ್ಟನ್ನು ಅವನಿಲ್ಲದೆಯೇ ನಿಲ್ಲಿಸಿ, ಹೂವು ಮುಡಿಸಿ, ಕಾತ್ಯಾಯಿನಿ ಬಸ್ಸು ಹಿಡಿದು ಹೊರಟುಹೋಗಿದ್ದಳು. ಸುತ್ತ ಕಾಲುವೆ ತೆಗೆಯಬೇಕು ಎಂದಾಗ ಬೈರಣ್ಣ, "ಯಾರು ಹೇಳಿದ್ರು ಸಾರ್ ಇದ್ನೆಲ್ಲ?" ಎಂದು ಕೇಳಿದ. ಹೊಲದವರು ಎಂದ. ಭಾನುವಾರವಿಡೀ ಕಾತ್ಯಾಯಿನಿ ಮಾತಾಡಲಿಲ್ಲ, ಅದೂ ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಅವನಿಗೆ ಅಭ್ಯಾಸ ಮಾಡಿಕೊಳ್ಳುವುದಿತ್ತು. ಸೋಮವಾರ ಕ್ಲಾಸಿಗೆ ಹೋದ ಕೂಡಲೇ ಹೇಳಿಬಿಡುವುದು. ಅವತ್ತು ಅವಳು ಹೇಳಿದ್ದು ಸರಿ, ಮೇಷ್ಟ್ರು ಹೇಳಿದ್ದು ಸುಳ್ಳು. ಜಗಲಿಯ ಮೇಲೆ ಮೂವರ ಮುಂದೆ ಹೊರಬಂದ ಮಾತು ನಲವತ್ತೆರಡು ಮಕ್ಕಳ ಮುಂದೆ ಯಾಕೆ ಬರಬಾರದು.

ಸೋಮವಾರ ಬೆಳಿಗ್ಗೆ ಅನಂತರಾಮು ಅರ್ಜಿಯನ್ನು ನೋಡಿ, "ಪರವಾಗಿಲ್ವೇ, ಹಿಡಿದು ತಂದ್ರಿ" ಎಂದು ಪಟ್ಟಿಗೆ ಸೇರಿಸಿದರು. ಬದರಿನಾಥ ರಿಜಿಸ್ಟರು ಹಿಡಿದು ಕ್ಲಾಸಿಗೆ ಹೋದ. ಮಕ್ಕಳು ಎದ್ದು ನಿಂತು ಕೂತರು. ರಿಜಿಸ್ಟರು ಬಿಡಿಸಿ ಮೇಜಿನ ಮೇಲಿಟ್ಟ. ಮೊದಲು ಹಾಜರಿ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡ. ಹೆಸರುಗಳನ್ನು ಕರೆಯುತ್ತ ಹೋದ. ಒಂದೊಂದು ಹೆಸರಿಗೂ ಒಂದೊಂದು ತಲೆ ಏಳುತ್ತಿತ್ತು, ಕೂರುತ್ತಿತ್ತು.

"ಮುನಿಲಕ್ಷ್ಮಮ್ಮ."

"ಬಂದಿಲ್ಲ ಸಾರ್" ಎಂದಳು ಚೂಡಾಮಣಿ.

"ಹೌದು, ಬಂದಿಲ್ಲ" ಎಂದ ಬದರಿನಾಥ. "ನೀನು ಹೇಳಿದ್ದು ಸರಿ."

ಹಾಗೆಂದು ಪೆನ್ನು ಬಗ್ಗಿಸಿ ಆ ಹೆಸರಿನ ಮುಂದೆ ಹಾಜರಿ ಗುರುತು ಹಾಕಿದ. ಮೊದಲ ಬೆಂಚಿನಲ್ಲಿ ಕೂತವರಿಗೆ ರಿಜಿಸ್ಟರು ಚೆನ್ನಾಗಿ ಕಾಣುತ್ತದೆ. ಚೂಡಾಮಣಿ ಆ ಗುರುತನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಯಾಕೆ ಎಂದು ಅವಳೇ ಕೇಳಲಿ ಎಂಬಂತೆ ಅವನು ಕೈ ಅಡ್ಡ ಇಡಲಿಲ್ಲ.